ಕೆಂಪು ಚೌಕಟ್ಟು

ಬೋಲ್ಗಾಟಂಗಾ
೧೨ ಮಾರ್ಚ್ ೨೦೦೩

ಎಫೊ,

ಅಂತೂ ನಮ್ಮ ಶಿಕ್ಷಣ ಕಚೇರಿಗೂ ಹೊಸ ಕಂಪ್ಯೂಟರುಗಳು ಬಂದವು. ನಿರ್ದೇಶಕರು ಭಾಷಣ ಮಾಡಿದರು, ಪಾದ್ರಿಯೂ ಇಮಾಮರೂ ಪ್ರಾರ್ಥನೆ ಮಾಡಿದರು, ಎಲ್ಲರಿಗೂ ಒಂದೊಂದು ಬಾಟಲಿ ತಂಪು ಪಾನೀಯ ಸಿಕ್ಕಿತು. ಪರದೆ ಬೆಳಗಿದೊಡನೆ ಮದುವಣಗಿತ್ತಿ ಮುಸುಕು ತೆಗೆದಂತೆ ಎಲ್ಲರೂ ‘ಓಹೋ’ ಎಂದರು. ಹಿಂದೆ ಹಸಿರು ಗುಡ್ಡ, ಮುಂದೆ ನೀಲಿ ತಲೆಪಟ್ಟಿಯ ವಿಂಡೋಗಳು, ಮೂಲೆಗಳೆಲ್ಲ ದುಂಡಗೆ. ನಾನೂ ‘ಓಹೋ’ ಎಂದೆ. ಕೂತು ಕೆಲಸ ಶುರುಮಾಡಿದಾಗ ವಿಂಡೋ ಎಲ್ಲಿ ಮುಗಿಯಿತು, ಗುಡ್ಡ ಎಲ್ಲಿ ಶುರುವಾಯಿತು ಎಂದೇ ತಿಳಿಯಲಿಲ್ಲ. ಅಂಚು ದಾರದಷ್ಟು ತೆಳ್ಳಗೆ. ಮುಚ್ಚುವ ಗುಂಡಿಯನ್ನು ನಾನು ಹುಡುಕುತ್ತಿರುವಷ್ಟರಲ್ಲಿ ನಮ್ಮ ಜವಾನ ಅಟಿಂಗಾ ಚಹಾ ತಂದಿಟ್ಟ, ಅದು ಆರಿತು, ಅವನೇ ವಾಪಸ್ಸು ತೆಗೆದುಕೊಂಡು ಹೋದ.

ನೀನೂ ನಾನೂ ನಿನ್ನ ಟೈಪಿಂಗ್ ಅಂಗಡಿಯ ಯಂತ್ರಗಳಿಗೆ ಪರದೆಯ ಬಣ್ಣ, ಚೌಕಟ್ಟು ಬದಲಿಸುವ ಥೀಮ್‌ಗಳನ್ನು ಮಾಡಿ ಹಾಕುತ್ತಿದ್ದೆವಲ್ಲ, ಅಂಥದೊಂದು ಮಾಡಿ ಕಳಿಸುತ್ತೀಯಾ? ಅಂಚು ಸ್ವಲ್ಪ ದಪ್ಪಗಿರಲಿ, ತಲೆಪಟ್ಟಿ ಎತ್ತರವಿರಲಿ, ಗುಂಡಿಗಳು ಗುಂಡಿಗಳ ಹಾಗೆ ಕಾಣಲಿ. ನನ್ನ ಕನ್ನಡಕ ಹಳತಾಗಿದೆ, ಅಷ್ಟೆ. ಬೇರೇನೂ ಇಲ್ಲ.

ಅವ್ವನಿಗೆ ನನ್ನ ನಮಸ್ಕಾರ ಹೇಳು. ಕನ್ನಡಕದ ಮಾತು ಅವಳ ಮುಂದೆ ಎತ್ತಬೇಡ.

ಜಿಗ್ಬೋದಿ


ಕೇಟಾ
೩೦ ಮಾರ್ಚ್ ೨೦೦೩

ತಂಗಿ ಜಿಗ್ಬೋದಿ,

ಕಾಗದವನ್ನು ಅವ್ವನಿಗೆ ಓದಿ ಹೇಳಿದೆ, ಕನ್ನಡಕದ ಸಾಲು ಬಿಟ್ಟು. ಮದುವಣಗಿತ್ತಿಯ ಮಾತಿಗೆ ನಕ್ಕು, “ಇವಳಿಗಂತೂ ಗಂಡ ದಕ್ಕಲಿಲ್ಲ, ಕಂಪ್ಯೂಟರಾದ್ರೂ ದಕ್ಲಿ ಬಿಡು” ಎಂದಳು. ಅವಳ ಕಣ್ಣು ಈಗ ಪೂರ್ತಿ ಹೋದಂತೆಯೇ. ಬೆಳಿಗ್ಗೆ ಬಾಗಿಲ ಬಳಿ ಕೂತು, ಬಿಸಿಲು ಯಾವ ಕೆನ್ನೆಗೆ ಬೀಳುತ್ತದೆ ಎಂಬುದರಿಂದ ಹೊತ್ತು ಹೇಳುತ್ತಾಳೆ.

ನಿನ್ನ ಹೊಸ ಯಂತ್ರದ ವಿಷಯ ಕೇಳಿ ನನಗೆ ಮೈ ಉರಿಯಿತು. ಎಲ್ಲೋ ದೂರದ ಊರಿನಲ್ಲಿ ನಾಲ್ಕು ಜನ ಹುಡುಗರು ಕೂತು, ತಮ್ಮ ಕಣ್ಣಿಗೆ ಚೆಂದ ಕಂಡ ಚೌಕಟ್ಟನ್ನು ಲೋಕದ ಕಣ್ಣಿಗೆಲ್ಲ ತೊಡಿಸಿದ್ದಾರೆ. ಇದನ್ನು ನಾವು ಮೊದಲೂ ಕಂಡಿದ್ದೇವೆ. ಬಿಳಿಯರ ಕಾಲದ ನಮ್ಮ ಶಾಲೆಯ ಮೇಜಿನಲ್ಲಿ ಮಸಿಕುಡಿಕೆಯ ತೂತು ಬಲಗಡೆಗೆ ಇರುತ್ತಿತ್ತು. ಎಡಗೈಯವನಾದ ನಾನು ಪುಸ್ತಕದ ಮೇಲೆಲ್ಲ ಮಸಿ ಚೆಲ್ಲಿ ಏಟು ತಿಂದೆ. ಮೇಜು ತಪ್ಪು ಎಂದು ಯಾರೂ ಹೇಳಲಿಲ್ಲ, ಕೈ ತಪ್ಪು ಎಂದರು. ಬಿಳಿಯರು ಹೋದರು, ನಮ್ಮವರು ಬಂದರು, ಮೇಜು ಮಾತ್ರ ಅದೇ ಇತ್ತು.

ಬಸ್ಸಿನವನ ಕೈಯಲ್ಲಿ ಫ್ಲಾಪಿ ಕಳಿಸಿದ್ದೇನೆ. ನಮ್ಮ ಹಿನ್ನೀರಿನ ಬಣ್ಣದ ಥೀಮ್. ಅಂಚು ಮೂರು ಪಟ್ಟು ದಪ್ಪ ಮಾಡಿದ್ದೇನೆ. ಅವ್ವ ಒಂದು ಪೊಟ್ಟಣ ಒಣಮೀನನ್ನೂ ಸೇರಿಸಿದ್ದಾಳೆ, ನಿನ್ನ ಪ್ರೀತಿಯ ‘ಕೇಟಾ ಶಾಲಾಹುಡುಗರು’. ಫ್ಲಾಪಿಗೆ ಮೀನಿನ ವಾಸನೆ ಬಂದಿದ್ದರೆ ನನ್ನನ್ನು ಬೈಯಬೇಡ.

ಕಡಲಿಗೆ ಕಲ್ಲಿನ ತಡೆಗೋಡೆ ಏಳುತ್ತಿದೆ. ಸಿನಿಮಾ ಮಂದಿರ ಹೋಗಿ, ಅಂಗಡಿಬೀದಿ ಹೋಗಿ, ಅಪ್ಪನ ಮನೆ ಹೋದ ಮೇಲೆ. ಮನೆ ಕಳೆದುಕೊಂಡವರಿಗೆ ನಿವೇಶನ ಕೊಡುತ್ತಾರಂತೆ. ಚಿಕ್ಕಪ್ಪಂದಿರು ಈಗಲೇ ಜಗಳ ಶುರುಮಾಡಿದ್ದಾರೆ.

ನಿನ್ನ ‘ಎಫೊ’, ನಿನ್ನ ಅಣ್ಣ
ಗೆರ್ಶೋನ್


ಬೋಲ್ಗಾಟಂಗಾ
೫ ಮೇ ೨೦೦೩

ಎಫೊ,

ಹಿನ್ನೀರು ಬಂದು ಮುಟ್ಟಿತು. ಮೀನಿನ ವಾಸನೆಯೂ. ಪರದೆ ನೋಡಿದಾಗ ಮನೆಗೆ ಬಂದ ಹಾಗಾಯಿತು, ಆದರೆ ಆ ಬಣ್ಣ ಹಿಂದಿನ ಬಣ್ಣದಲ್ಲಿ ಕಲಸಿಹೋಗುತ್ತದೆ. ಚೌಕಟ್ಟು ಹಳದಿಯಾಗಲಿ. ಮಾರುಕಟ್ಟೆಯ ಪ್ಲಾಸ್ಟಿಕ್ ಬಕೆಟ್ಟಿನ ಹಳದಿ, ನಾಚಿಕೆಯಿಲ್ಲದ್ದು. ತಲೆಪಟ್ಟಿ ಕಪ್ಪು, ಅಕ್ಷರವೂ ಹಳದಿ. ಅಂಚು ಈಗಿರುವುದರ ಎರಡರಷ್ಟು ಮಾಡು. ನಿನ್ನ ಕಾಗದಗಳನ್ನೂ ದೊಡ್ಡ ಅಕ್ಷರದಲ್ಲಿ ಟೈಪು ಮಾಡಿ ಕಳಿಸು. ಇಲ್ಲಿ ಕರೆಂಟು ಮಂಕು.

ನಗಬೇಕಾದ ಸಂಗತಿ ಒಂದಿದೆ. ಮೊನ್ನೆ ಕಚೇರಿಗೆ ಬಂದವಳೇ, ಬಾಗಿಲ ಬಳಿ ನಿಂತಿದ್ದ ಇನ್ಸ್‌ಪೆಕ್ಟರಿಗೆ ‘ಶುಭೋದಯ ಸಾರ್, ಮನೆಯಲ್ಲಿ ಎಲ್ಲ ಕ್ಷೇಮವೇ’ ಎಂದೆ. ಅದು ಮೊಳೆಗೆ ನೇತುಹಾಕಿದ್ದ ಅವರ ಕೋಟು. ಅಟಿಂಗಾ ಹಿಂದಿನಿಂದ, “ಮೇಡಂ, ಕೋಟಿಗಿನ್ನೂ ಬಾಯಿಬಿಡೋ ಪ್ರಮೋಷನ್ ಆಗಿಲ್ಲ” ಎಂದ. ನಾನೂ ನಕ್ಕೆ. ಇಲ್ಲಿ ಮರಳುಗಾಳಿ ಬೀಸಿದರೆ ತಿಂಗಳುಗಟ್ಟಲೆ ಕಣ್ಣಿನಲ್ಲಿ ಧೂಳು ಕೂತಿರುತ್ತದೆ.

ಅವ್ವ ಊಟ ಮಾಡುತ್ತಾಳೆಯೇ?

ಜಿಗ್ಬೋದಿ


ಕೇಟಾ
೨೮ ಮೇ ೨೦೦೩

ತಂಗಿ,

ನೀನು ಕೇಳಿದ ನಾಚಿಕೆಗೇಡಿ ಹಳದಿ ಈ ಫ್ಲಾಪಿಯಲ್ಲಿದೆ. ಇದು ಚೌಕಟ್ಟೋ ಮೇಕೆಗೆ ಹಾಕಿದ ಬೇಲಿಯೋ ನೀನೇ ಹೇಳು. ಅಂಗಡಿಯಲ್ಲಿ ಹಾಕಿ ನೋಡುತ್ತಿದ್ದಾಗ ಟೈಪು ಮಾಡಿಸಲು ಬಂದ ಮೀನುಗಾರನೊಬ್ಬ, “ಮಾಸ್ತರೇ, ಇದ್ರಲ್ಲಿ ಕಾಗದ ಬರೀತೀರೋ, ದೋಣಿಗೆ ಬಣ್ಣ ಹೊಡೀತೀರೋ?” ಎಂದ. ನಲವತ್ತಾರು ದಾಟಿದ ಮೇಲೆ ನಿನಗೆ ಷೋಕಿ ಶುರುವಾಗಿದೆ. ಇರಲಿ, ನಿನ್ನ ಷೋಕಿಗೆ ಫ್ಲಾಪಿ ಸಾಕಾದರೆ ನನಗೂ ನಷ್ಟವಿಲ್ಲ.

ಅದನ್ನು ಹಾಕಿ ನೋಡಿದ ಮೇಲೆ ಮತ್ತೆ ಕೆಂಪು ಚೌಕಟ್ಟಿಗೇ ಬದಲಾಯಿಸಿದೆ. ಎದುರುಮನೆಯ ಮುದುಕ ಝಾಕ್ಪಾಸು ಹೋದ. ನೀನೇ ಹಾಕಿಕೊಟ್ಟ ಪದ್ಧತಿ ಇನ್ನೂ ಬಿಟ್ಟಿಲ್ಲ. ಬೀದಿಯಲ್ಲಿ ಸಾವಾದರೆ ಮಣ್ಣಾಗುವವರೆಗೆ ಯಂತ್ರಗಳಿಗೆಲ್ಲ, ನಮ್ಮ ದೇಶದಲ್ಲಿ ಸೂತಕದವರು ಉಡುವ ಬಟ್ಟೆಯ ಹಾಗೆಯೇ, ಕಪ್ಪು ತಲೆಪಟ್ಟಿ, ಕೆಂಪು ಚೌಕಟ್ಟು. ಮಣ್ಣಾದ ಮೇಲೆ, ತುಂಬು ಬಾಳು ಬಾಳಿದವರಾದರೆ, ಒಂದು ವಾರ ಬಿಳಿ. ಒಳಗೆ ಕಾಲಿಟ್ಟವರು ಪರದೆ ನೋಡಿಯೇ ದನಿ ತಗ್ಗಿಸುತ್ತಾರೆ, ಕೇಳುವ ಗೋಜಿಲ್ಲ.

ಆದರೆ ಅವನ ಮಗಳಿಗೆ ಸುದ್ದಿ ಮುಟ್ಟಿಸಿದ ರೀತಿ ಕೇಳು. ಅಕ್ರಾದ ಮಾರುಕಟ್ಟೆಯಲ್ಲಿ ಟೊಮ್ಯಾಟೊ ಮಾರುತ್ತ ನಿಂತವಳಿಗೆ ಯಾವನೋ ಫೋನಿನಲ್ಲಿ ‘ನಿಮ್ಮಪ್ಪ ಸತ್ತ’ ಎಂದನಂತೆ. ಅಲ್ಲೇ ಬಿದ್ದಳು. ಯಾರ ಹೊಟ್ಟೆಯಲ್ಲಿ ಹುಟ್ಟಿದವರು ಇವರು? ಕೂರಿಸಬೇಕು, ನೀರು ಕೊಡಬೇಕು, ದಾರಿಯ ಕ್ಷೇಮಸಮಾಚಾರ ಆಗಬೇಕು, ಆಮೇಲೆ ಎದುರಿಗೆ ಕೂತು ಹೇಳಬೇಕು. ಸಾವನ್ನು ತಂತಿಯ ಮೇಲೂ ಕಾಗದದ ಮೇಲೂ ಕಳಿಸುವವರು ಮನುಷ್ಯರಲ್ಲ. ನಮ್ಮ ಜನ ಕಡಲಿಗೆ ಮನೆಗಳನ್ನಷ್ಟೇ ಅಲ್ಲ, ಇದನ್ನೂ ಕೊಟ್ಟುಬಿಟ್ಟರು.

ಅವ್ವ ಊಟ ಮಾಡುತ್ತಾಳೆ, ಸ್ವಲ್ಪವೇ.

ಗೆರ್ಶೋನ್


ಬೋಲ್ಗಾಟಂಗಾ
೨೦ ಜುಲೈ ೨೦೦೩

ಎಫೊ,

ಹಳದಿ ಬಲು ಅನುಕೂಲವಾಗಿದೆ. ಇನ್ನೊಂದೇ ಒಂದು ಉಪಕಾರ ಮಾಡು. ಮುಚ್ಚುವ ಗುಂಡಿಯನ್ನು ಬಲಮೂಲೆಯಿಂದ ಎಡಮೂಲೆಗೆ ತರಲಾದೀತೇ? ಬಲಮೂಲೆ ನನಗೆ ದೂರ. ಎಡಗೈಯವನಿಗೆ ಇದು ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ. ಬಾಣದ ಗುರುತೂ ದೊಡ್ಡದಾಗಲಿ, ಹೆಬ್ಬೆರಳಿನಷ್ಟು.

ಮಿಷನ್ ಆಸ್ಪತ್ರೆಯ ವೈದ್ಯರು ಕಣ್ಣಿಗೆ ಹನಿ ಹಾಕಿಕೊಳ್ಳಲು ಕೊಟ್ಟಿದ್ದಾರೆ. ಒತ್ತಡವಂತೆ. ಕೆಲಸದ ಒತ್ತಡ ಯಾರಿಗಿಲ್ಲ ಹೇಳು. ವರ್ಗಾವಣೆಯ ಆದೇಶಗಳೆಲ್ಲ ನನ್ನ ಮೇಜಿನಿಂದಲೇ ಹೋಗಬೇಕು. ಈ ಚೌಕಟ್ಟುಗಳಿರುವವರೆಗೆ ನನ್ನ ಕೈ ತಪ್ಪುವುದಿಲ್ಲ.

ಜಿಗ್ಬೋದಿ


ಕೇಟಾ
೧೬ ಸೆಪ್ಟೆಂಬರ್ ೨೦೦೩

ತಂಗಿ ಜಿಗ್ಬೋದಿ,

ಫ್ಲಾಪಿಯನ್ನು ಮೊದಲು ಯಂತ್ರಕ್ಕೆ ಹಾಕು. ಥೀಮ್ ಬದಲಾಯಿಸಿ ಪರದೆ ನೋಡು. ಆಮೇಲೆ ಈ ಕಾಗದ ಓದು.

ನೋಡಿದೆಯಲ್ಲ. ಇನ್ನು ನಾನು ಬರೆಯುವುದಕ್ಕೇನೂ ಇಲ್ಲ. ಅವ್ವ ನಿನ್ನನ್ನು ಕೇಳುತ್ತಿದ್ದಳು. ಅಕ್ಟೋಬರ್ ೧೮ರ ಶನಿವಾರ ಮನೆಮಂದಿಯೆಲ್ಲ ಸೇರುತ್ತೇವೆ. ಅದಕ್ಕೂ ಮೊದಲು ಬಂದುಬಿಡು. ನೀನಿಲ್ಲದೆ ಆಗುವ ಕೆಲಸವಲ್ಲ. ನಾನು ಇಲ್ಲಿಂದ ಅಲುಗಾಡುವ ಹಾಗಿಲ್ಲ, ಏಕೆಂದು ನಿನಗೆ ಗೊತ್ತು.

ಒಬ್ಬಳೇ ಪ್ರಯಾಣ ಮಾಡಬೇಡ. ಆ ಅಟಿಂಗಾನನ್ನು ಅರ್ಧ ದಾರಿ, ಕುಮಾಸಿಯವರೆಗಾದರೂ ಜೊತೆಗೆ ಕರೆದುಕೋ.

ಗೆರ್ಶೋನ್


ಬೋಲ್ಗಾಟಂಗಾ
೨ ಅಕ್ಟೋಬರ್ ೨೦೦೩

ಪ್ರೀತಿಯ ಎಫೊ,

ನೀನು ಹೇಳಿದ ಹಾಗೆಯೇ ಫ್ಲಾಪಿ ಮೊದಲು ಹಾಕಿದೆ. ಹೊಸ ಬಣ್ಣ ಬಲು ಚೆಂದ! ಗುಂಡಿ ಎಡಕ್ಕೆ ಬಂದದ್ದಂತೂ ದೊಡ್ಡ ಉಪಕಾರ. ಕಚೇರಿಯವರೆಲ್ಲ ನನ್ನ ಮೇಜಿನ ಬಳಿ ಒಂದು ಗಳಿಗೆ ನಿಂತು ನೋಡಿಯೇ ಮುಂದೆ ಹೋಗುತ್ತಾರೆ. ಆದರೂ ನಿಜ ಹೇಳಲೇ? ನನಗೆ ಹಳದಿಯೇ ಇಷ್ಟ. ಬಿಡುವಾದಾಗ ಇದನ್ನೇ ಹಳದಿ ಮಾಡಿ ಕಳಿಸು.

೧೮ಕ್ಕೆ ಬರಲಾಗುವುದಿಲ್ಲ. ವರ್ಗಾವಣೆಯ ಕಾಲ, ರಜೆ ಕೇಳಲು ಬಾಯಿ ಬರಲಿಲ್ಲ. ನಿವೇಶನದ ವಿಷಯದಲ್ಲಿ ನಾನಿಲ್ಲದೆ ಆಗುವುದಿಲ್ಲ ಎಂದು ನೀನು ಮರ್ಯಾದೆಗೆ ಬರೆದಿದ್ದೀಯ, ಗೊತ್ತು. ಚಿಕ್ಕಪ್ಪಂದಿರು ಹೇಳಿದ ಕಡೆ ನನ್ನ ಹೆಬ್ಬೆಟ್ಟು ಒತ್ತಿದೆ ಎಂದುಕೋ. ಅವರ ಕೂಗಾಟ ಕೇಳಲು ಎರಡು ದಿನ ಬಸ್ಸಿನಲ್ಲಿ ಕೂರಲಾರೆ.

ಇಲ್ಲಿನವರು ಈಚೆಗೆ ನನ್ನ ಮೇಲೆ ತುಂಬ ಅಕ್ಕರೆ ತೋರಿಸುತ್ತಿದ್ದಾರೆ. ನಿರ್ದೇಶಕರು ದನಿ ಎತ್ತುವುದಿಲ್ಲ. ಅಟಿಂಗಾ ಅಗಿಯಲು ಒಂದು ಬೊಗಸೆ ಕೋಲಾಕಾಯಿ ತಂದಿಟ್ಟು, “ದೇವರು ಶಕ್ತಿ ಕೊಡ್ಲಿ ಮೇಡಂ” ಎಂದ. ಇಷ್ಟೊಂದು ವರ್ಗಾವಣೆ ಟೈಪು ಮಾಡಲು ಶಕ್ತಿ ಬೇಕೇ ಬೇಕಪ್ಪ ಎಂದೆ. ಅವನು ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಹೋದ.

ಅವ್ವನ ಕಾಲಿಗೆ ಹಚ್ಚಲು ಶಿಯಾ ಬೆಣ್ಣೆ ತೆಗೆದಿಟ್ಟಿದ್ದೇನೆ, ಒಳ್ಳೆಯದು, ಹಳ್ಳಿಯ ಹೆಂಗಸರು ಕೈಯಲ್ಲೇ ಕಡೆದದ್ದು. ಕ್ರಿಸ್‌ಮಸ್ಸಿಗೆ ತರುತ್ತೇನೆ, ನಾನೇ ಹಚ್ಚುತ್ತೇನೆ ಎಂದು ಹೇಳು.

ನಿನ್ನ ಜಿಗ್ಬೋದಿ


ಕೇಟಾ
೨೫ ಅಕ್ಟೋಬರ್ ೨೦೦೩

ಜಿಗ್ಬೋದಿ,

ಇದನ್ನು ಕೈಯಲ್ಲೇ ಬರೆಯುತ್ತಿದ್ದೇನೆ. ನಿನಗಾಗಿ ಆ ಯಂತ್ರದ ಮುಂದೆ ಕೂರಲು ಮನಸ್ಸಿಲ್ಲ.

ಅವ್ವನನ್ನು ಹದಿನೆಂಟಕ್ಕೆ ಮಣ್ಣು ಮಾಡಿದೆವು. ನಮ್ಮಲ್ಲಿ ಎಲ್ಲರಂತೆ ಅವಳೂ ಒಂದು ತಿಂಗಳು ಶವಾಗಾರದಲ್ಲಿ ಕಾದಿದ್ದಳು. ಊರೆಲ್ಲ ಬಂದಿತ್ತು. ಅವ್ವನ ಮೈ ತೊಳೆದು ಸಿಂಗರಿಸಲು ಮಗಳ ಕೈ ಬೇಕಿತ್ತು, ಚಿಕ್ಕಪ್ಪನ ಸೊಸೆ ಮಾಡಿದಳು. ಅವಳಿಗೆ ಅವ್ವನ ತಲೆಬಟ್ಟೆ ಕಟ್ಟುವ ಬಗೆ ಗೊತ್ತಿರಲಿಲ್ಲ. ಎಡಗಡೆಗೆ ಗಂಟು ಹಾಕಿದಳು. ಅವ್ವ ಜೀವಮಾನದಲ್ಲಿ ಎಡಗಡೆಗೆ ಗಂಟು ಹಾಕಿದವಳಲ್ಲ. ಹೆಂಗಸರ ನಡುವೆ ನಾನು ಬಾಯಿ ಹಾಕುವ ಹಾಗಿರಲಿಲ್ಲ. ನಿನ್ನ ಪಾಲಿನ ಸೂತಕದ ಬಟ್ಟೆ ಹೊಲಿಸಿಟ್ಟಿದ್ದೆ, ಅದು ಮಡಿಸಿದಂತೆಯೇ ಕುರ್ಚಿಯ ಮೇಲಿತ್ತು. ಬಂದವರೆಲ್ಲ ಕುರ್ಚಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

ನಿನ್ನ ಬಳಿಗೊಬ್ಬ ಮನುಷ್ಯನನ್ನು ಕಳಿಸೋಣ ಎಂದು ಚಿಕ್ಕಪ್ಪ ಎರಡು ಸಲ ಹೇಳಿದ. ಬೇಡ, ಅವಳಿಗೆ ತಿಳಿಸಿದ್ದೇನೆ ಎಂದೆ. ಕಾಗದದಲ್ಲಿ ಬರೆಯಲಿಲ್ಲ, ತಂತಿಯಲ್ಲಿ ಕೂಗಲಿಲ್ಲ, ನೀನೇ ಹಾಕಿಕೊಟ್ಟ ರೀತಿಯಲ್ಲಿ ಹೇಳಿದ್ದೇನೆ ಎಂದು ಎದೆಯೊಳಗೆ ಒಂದು ಹೆಮ್ಮೆಯೂ ಇತ್ತು. ನೀನು ಕೆಂಪು ಚೌಕಟ್ಟು ನೋಡಿದೆ. ಬಲು ಚೆಂದ ಎಂದೆ. ಹಳದಿ ಮಾಡಿಕೊಡು ಎಂದೆ. ನಿವೇಶನದ ಮಾತು ಆಡಿದೆ. ಅಪ್ಪನ ಆ ಮನೆ ಕಡಲಿಗೆ ಬಿದ್ದ ದಿನ ಎಲ್ಲರೂ ಪೆಟ್ಟಿಗೆ ಪಾತ್ರೆ ಹೊತ್ತು ಓಡಿದರೆ ಅವ್ವ ನಿನ್ನೊಬ್ಬಳನ್ನೇ ಬೆನ್ನಿಗೆ ಕಟ್ಟಿಕೊಂಡು ಓಡಿದಳು. ನಾನು ಹಿಂದಿನಿಂದ ಓಡಿ ಬಂದವನು, ನೋಡಿದ್ದೇನೆ.

ಇಷ್ಟು ಕಾಲ ಕಂಪನಿಯವರನ್ನೂ ಸರಕಾರದವರನ್ನೂ ಬೈದೆ. ಕಣ್ಣಿದ್ದೂ ಕಾಣದವರು ನನ್ನ ಮನೆಯಲ್ಲೇ ಇದ್ದರು.

ಇನ್ನು ಥೀಮ್ ಕೇಳಬೇಡ.

ಗೆರ್ಶೋನ್


ಬೋಲ್ಗಾಟಂಗಾ
೨೪ ನವೆಂಬರ್ ೨೦೦೩

ಎಫೊ,

ಇದು ಅಟಿಂಗಾನ ಕೈಬರಹ. ಮಾತು ನನ್ನದು.

ನಿನ್ನ ಕಾಗದ ಕೈಬರಹದಲ್ಲಿ ಬಂತು. ಟೈಪು ಮಾಡಿದ ನಿನ್ನ ದೊಡ್ಡ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಹೇಗೋ ಓದಿಕೊಳ್ಳುತ್ತಿದ್ದೆ. ಇದರಲ್ಲಿ ಒಂದು ಗೆರೆಯೂ ಕಾಣಲಿಲ್ಲ. ಹತ್ತು ದಿನ ದಿಂಬಿನ ಕೆಳಗಿಟ್ಟುಕೊಂಡಿದ್ದೆ. ಅಣ್ಣ ಕೈಯಾರೆ ಬರೆದಿದ್ದಾನೆ, ಏನೋ ಪ್ರೀತಿಯ ಮಾತಿರಬೇಕು, ಹೊರಗಿನವರ ಬಾಯಲ್ಲಿ ಓದಿಸುವುದು ಹೇಗೆ ಎಂದು ಸಂಕೋಚಪಟ್ಟೆ. ಕೊನೆಗೆ ಅಟಿಂಗಾನಿಗೆ ಕೊಟ್ಟೆ. ಎರಡನೆಯ ಸಾಲು ಓದಿ ನಿಲ್ಲಿಸಿದ. ಮುಂದೆ ಓದು ಎಂದೆ. “ಮೇಡಂ, ಇದು ನಿಮಗೆ ಗೊತ್ತಿರೋ ವಿಷ್ಯಾನೇ ಅಲ್ವಾ?” ಎಂದ.

ಏನು ಗೊತ್ತಿರುವ ವಿಷಯ ಎಂದು ಕೇಳಿದೆ.

(ಇಲ್ಲಿ ಮೇಡಂ ನಿಮ್ಮ ಕಾಗದವನ್ನು ನನ್ನಿಂದ ಕೇಳಿ ತೆಗೆದುಕೊಂಡು ಮಡಿಸಿ ಇಟ್ಟುಕೊಂಡರು. — ಅಟಿಂಗಾ)

ಎಫೊ, ನನ್ನ ಪರದೆ ಕೆಂಪಾಗಿತ್ತೆಂದು ನನಗೆ ಅಂದು ತಿಳಿಯಿತು. ಅಟಿಂಗಾನಿಗೆ ಗೊತ್ತಿತ್ತು, ನಿರ್ದೇಶಕರಿಗೆ ಗೊತ್ತಿತ್ತು, ಕಸ ಗುಡಿಸುವ ಹೆಂಗಸಿಗೂ ಗೊತ್ತಿತ್ತು. ಅವರೆಲ್ಲ ಮನೆಯಲ್ಲಿ ಸಾವಾದವಳ ಮುಂದೆ ನಡೆಯುವ ಹಾಗೆ ನಡೆದರು, ಸಂತಾಪಕ್ಕೆಂದು ಕೋಲಾಕಾಯಿ ಕೊಟ್ಟರು. “ಊರಿಗೂ ಹೋಗ್ದೆ ಎಷ್ಟು ಗಟ್ಟಿಯಾಗಿ ಕೂತಿದಾಳೆ” ಎಂದು ನನ್ನನ್ನು ಹೊಗಳಿಕೊಂಡರಂತೆ. ನಾನು ಆ ಕೆಂಪು ಚೌಕಟ್ಟಿನ ಮುಂದೆ ಕೂತು ಹಾಡು ಗುನುಗುತ್ತ ವರ್ಗಾವಣೆ ಟೈಪು ಮಾಡಿದೆ.

ನನಗೆ ಕಂಡದ್ದು ಬರೀ ಕತ್ತಲು. ಕಪ್ಪು ಯಾವುದು ಕೆಂಪು ಯಾವುದು ಬೇರೆಯಾಗಲಿಲ್ಲ. ಕಾಣಲಿಲ್ಲ ಎಂದರೆ ನಿನಗೆ ತಿಳಿದುಬಿಡುತ್ತದೆ ಎಂದು ಬಲು ಚೆಂದ ಎಂದೆ. ಅವ್ವನ ಕಣ್ಣಿಗೆ ಬಂದದ್ದೇ ನನಗೂ ಬಂದಿದೆ ಎಂದು ವೈದ್ಯರು ಜುಲೈಯಲ್ಲೇ ಹೇಳಿದ್ದರು. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಯಬೇಕು. ನಿನಗೆ ಹೇಳಿದರೆ ನೀನು ಅವ್ವನ ಮುಂದೆ ಮುಚ್ಚಿಡಲಾರೆ. ತನ್ನ ಕಣ್ಣನ್ನೇ ಮಗಳಿಗೆ ಕೊಟ್ಟೆ ಎಂದು ಅವಳು ಕೊರಗುತ್ತಾಳೆ. ಅವಳು ಇರುವವರೆಗೆ ಹೇಳುವುದು ಬೇಡ ಎಂದುಕೊಂಡಿದ್ದೆ. ಅವಳು ಹೋದ ಮೇಲೂ ಅವಳಿಂದ ಮುಚ್ಚಿಡುತ್ತಲೇ ಇದ್ದೆ.

ನಿರ್ದೇಶಕರಿಗೂ ಈಗ ತಿಳಿಯಿತು. ತಿಂಗಳ ಕೊನೆಗೆ ನನ್ನ ಮೇಜು ಬೇರೆಯವರಿಗೆ. ಕೋಪವಿಲ್ಲ, ಅವರು ನೀರು ಕೊಟ್ಟು ಕೂರಿಸಿಯೇ ಹೇಳಿದರು.

ತಲೆಬಟ್ಟೆಯ ಗಂಟು ಬಲಗಡೆಗೆ, ಕಿವಿಯ ಮೇಲೆ ಬರಬೇಕು. ಅದೊಂದು ಬಿಟ್ಟರೆ ಬೇರೆಲ್ಲ ತಡೆದುಕೊಂಡೆ.

ಅಟಿಂಗಾನ ಕೈಯಲ್ಲಿ ಕೆಂಪು ತೆಗೆಸಲಿಲ್ಲ. ನೋಡುವವರು ನೋಡಲಿ.

ಜಿಗ್ಬೋದಿ


ಕೇಟಾ
೫ ಡಿಸೆಂಬರ್ ೨೦೦೩

ಅಟಿಂಗಾ ಅವರೇ,

ಇದನ್ನು ನನ್ನ ತಂಗಿಗೆ ನಿಧಾನವಾಗಿ ಓದಿ ಹೇಳಿ. ಮಧ್ಯದಲ್ಲಿ ಅವಳು ನಿಲ್ಲಿಸು ಎಂದರೆ ನಿಲ್ಲಿಸಿ.

ಜಿಗ್ಬೋದಿ, ನಿನ್ನ ಐದೂ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು ಓದಿದೆ. ದಪ್ಪ ಮಾಡು, ಹಳದಿ ಮಾಡು, ಎಡಕ್ಕೆ ತಾ. ಬೇರೆ ಯಾರಾದರೂ ಕೇಳಿದ್ದರೆ ಮೊದಲ ಕಾಗದಕ್ಕೇ ಬಸ್ಸು ಹತ್ತುತ್ತಿದ್ದರು. ನಾನು ಷೋಕಿ ಎಂದೆ. ಮೇಜು ತಪ್ಪು ಎಂದು ಊರಿಗೆಲ್ಲ ಕೂಗಿದವನು ನಿನ್ನ ಕಣ್ಣಿಗೆ ಏನು ಬಂದಿದೆ ಎಂದು ಒಂದು ಸಲ ಕೇಳಲಿಲ್ಲ.

ಗುರುವಾರ ಅಲ್ಲಿಗೆ ಬರುತ್ತೇನೆ. ನಿನ್ನನ್ನು ಮೊದಲು ಅಕ್ರಾದ ದೊಡ್ಡ ಆಸ್ಪತ್ರೆಗೆ, ಆಮೇಲೆ ಮನೆಗೆ. ಅಂಗಡಿಯಲ್ಲಿ ಫೋನು ಹಿಡಿಯುವುದಕ್ಕೂ ಬಂದವರನ್ನು ಬೈಯುವುದಕ್ಕೂ ಒಬ್ಬರು ಬೇಕು. ಯಂತ್ರಗಳಿಗೆ ಬಿಳಿ ಚೌಕಟ್ಟು ಇನ್ನೂ ಹಾಕಿಲ್ಲ. ನೀನು ಬರದೆ ಅದು ಹೇಗಾದೀತು. ಚಿಕ್ಕಪ್ಪಂದಿರಿಗೂ ಹಾಗೆಯೇ ಹೇಳಿದ್ದೇನೆ.

ನಿನ್ನ ಬಟ್ಟೆಯನ್ನು ತರುತ್ತಿದ್ದೇನೆ. ಅವ್ವನ ಇನ್ನೊಂದು ತಲೆಬಟ್ಟೆಯನ್ನೂ. ಗಂಟು ಹಾಕುವುದನ್ನು ನನ್ನ ತಲೆಯ ಮೇಲೆಯೇ ತೋರಿಸಿಕೊಡು. ಜನ ನಕ್ಕರೆ ನಗಲಿ.

ನಾನು ಬಂದಾಗ ಬಾಗಿಲಿಗೆ ಬರಬೇಡ. ಒಳಗೆ ಕೂತಿರು. ನಿನಗೆ ಒಂದು ಲೋಟ ನೀರು ಕೊಡುತ್ತೇನೆ. ದಾರಿ ಹೇಗಿತ್ತು ಎಂದು ನೀನು ನನ್ನನ್ನು ಕೇಳು, ಚೆನ್ನಾಗಿತ್ತು ಎನ್ನುತ್ತೇನೆ. ಇಲ್ಲಿ ಎಲ್ಲ ಕ್ಷೇಮವೇ ಎಂದು ನಾನು ಕೇಳುತ್ತೇನೆ, ಕ್ಷೇಮ ಎನ್ನು. ಊರಿನಲ್ಲಿ ಎಲ್ಲ ಹೇಗಿದ್ದಾರೆ ಎಂದು ನೀನು ಕೇಳಬೇಕು. ಆಗ ನಾನು ನಿನ್ನ ಕೈ ಹಿಡಿದುಕೊಂಡು, ನಮ್ಮ ಅವ್ವನಿಗೆ ಏನಾಯಿತು ಎಂದು ಹೇಳುತ್ತೇನೆ.

ಅಲ್ಲಿಯವರೆಗೆ ನಿನಗೆ ಏನೂ ಗೊತ್ತಿಲ್ಲ. ಅಟಿಂಗಾ ಅವರೇ, ನೀವೂ ಏನೂ ಓದಿಲ್ಲ.

ಗೆರ್ಶೋನ್